ಮೇಲೆ ಊರು, ಕೆಳಗೆ ಕಡಲು: ಸಾಲ್ಟ್‌ಬರ್ನಿನ ಕಥೆ

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಸಾಲ್ಟ್‌ಬರ್ನ್‌ನಲ್ಲಿ ಊರು ಮೇಲಿದೆ, ಕಡಲು ಕೆಳಗಿದೆ. ನಡುವೆ 120 ಅಡಿ ಎತ್ತರದ ಕಡಿದಾದ ದಿಬ್ಬ. ರೈಲಿನಿಂದ ಇಳಿದವರು ಕೆಲವೇ ನಿಮಿಷ ನಡೆದರೆ ದಿಬ್ಬದ ಅಂಚಿಗೆ ಬರುತ್ತಾರೆ. ಅಲ್ಲಿಂದ ಕಡಲು ಕಣ್ತುಂಬ ಕಾಣುತ್ತದೆ, ಕಾಲಿಗೆ ಮಾತ್ರ ಎಟಕುವುದಿಲ್ಲ. ಸಮುದ್ರಸ್ನಾನಕ್ಕೆಂದೇ ಕಟ್ಟಿದ ಊರಿಗೆ ಇದೊಂದು ವಿಚಿತ್ರ ತೊಡಕು. ವಿಕ್ಟೋರಿಯಾ ರಾಣಿಯ ಕಾಲದ ಎಂಜಿನಿಯರುಗಳು ಆ ತೊಡಕನ್ನು ಬಿಡಿಸಿದ ರೀತಿಯೇ ಇಂದು ಸಾಲ್ಟ್‌ಬರ್ನಿನ ದೊಡ್ಡ ಆಸ್ತಿ.

1859ಕ್ಕೆ ಮೊದಲು ಇಲ್ಲಿ ಊರೆನ್ನುವಂಥದ್ದೇ ಇರಲಿಲ್ಲ. ದಿಬ್ಬದ ಬುಡದಲ್ಲಿ ಬೆಸ್ತರ ಒಂದು ಸಾಲು ಮನೆಗಳು, ಪಕ್ಕದಲ್ಲಿ ‘ಶಿಪ್ ಇನ್’ ಎಂಬ ಹೆಂಡದಂಗಡಿ. ಒಂದು ಕಾಲಕ್ಕೆ ಅಂಗಡಿಯ ಯಜಮಾನನಾಗಿದ್ದ ಜಾನ್ ಆಂಡ್ರ್ಯೂ ಈ ಕರಾವಳಿಯ ಕಳ್ಳಸಾಗಣೆದಾರರಲ್ಲಿ ಹೆಸರುವಾಸಿ. 1859ರಲ್ಲಿ ಹತ್ತಿರದ ಮಾರ್ಸ್ಕ್ ಗ್ರಾಮದಲ್ಲಿದ್ದ ಅಣ್ಣ ಜೋಸೆಫನ ಮನೆಗೆ ಬಂದಿದ್ದ ಹೆನ್ರಿ ಪೀಸ್ ಕಡಲಂಚಿನಲ್ಲಿ ನಡೆಯುತ್ತ ಹೋಗಿ ರಾತ್ರಿಯೂಟಕ್ಕೆ ತಡವಾಗಿ ಮರಳಿದನಂತೆ. ಗುಡ್ಡದ ಮೇಲೆ ಕುಳಿತಿದ್ದಾಗ ದಿಬ್ಬದ ತುದಿಯಲ್ಲಿ ಒಂದು ಊರು ಎದ್ದು ನಿಂತಂತೆ, ಪಕ್ಕದ ಕಾಡುಕಣಿವೆ ತೋಟವಾದಂತೆ ತನಗೆ ಕಂಡಿತೆಂದು ಅವನು ಮನೆಯವರಿಗೆ ಹೇಳಿದನೆಂಬುದು ಪೀಸ್ ಕುಟುಂಬದಲ್ಲಿ ಉಳಿದುಬಂದ ಮಾತು.

ಇಂಥ ಕನಸು ಯಾರಿಗಾದರೂ ಬೀಳಬಹುದು. ಆದರೆ ಹೆನ್ರಿಯ ಕೈಯಲ್ಲಿ ರೈಲಿತ್ತು. ಅವನ ತಂದೆ ಎಡ್ವರ್ಡ್ ಪೀಸ್ 1825ರಲ್ಲಿ ಆರಂಭವಾದ ಸ್ಟಾಕ್‌ಟನ್-ಡಾರ್ಲಿಂಗ್ಟನ್ ರೈಲ್ವೆಯ ಬೆನ್ನೆಲುಬು. ಉಗಿಬಂಡಿ ಬಳಸಿದ ಜಗತ್ತಿನ ಮೊದಲ ಸಾರ್ವಜನಿಕ ರೈಲುಮಾರ್ಗ ಅದು. ಜೋಸೆಫನೂ ಅವನ ಜೊತೆಗಾರರೂ ಕಲ್ಲಿದ್ದಲು ಸಾಗಿಸಲೆಂದು ಟೀಸ್ ನದಿಯ ದಂಡೆಯಲ್ಲಿ ಮಿಡಲ್ಸ್‌ಬರೋ ಬಂದರನ್ನು ಹುಟ್ಟುಹಾಕಿದ್ದರು. 1831ರಲ್ಲಿ ಅಲ್ಲಿದ್ದವರು 154 ಮಂದಿ. 1850ರಲ್ಲಿ ಸಮೀಪದ ಎಸ್ಟನ್ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಸಿಕ್ಕಿತು. 1861ರ ಹೊತ್ತಿಗೆ ಮಿಡಲ್ಸ್‌ಬರೋದ ಜನಸಂಖ್ಯೆ ಸುಮಾರು 19,000. ಹೊಗೆ, ಕುಲುಮೆ, ದುಡ್ಡು ಮೂರೂ ಒಟ್ಟಿಗೆ ಬಂದವು. ದುಡ್ಡು ಕಂಡವರಿಗೆ ಹೊಗೆಯಿಂದ ದೂರ ಹೋಗಿ ನಾಲ್ಕು ದಿನ ಉಸಿರಾಡಲು ಒಂದು ಜಾಗ ಬೇಕಾಯಿತು. ಆ ಹಸಿವಿಗೆ ಹುಟ್ಟಿದ್ದು ಸಾಲ್ಟ್‌ಬರ್ನ್. ಕುಲುಮೆಯ ಊರನ್ನೂ ಕಡಲ ಊರನ್ನೂ ಕಟ್ಟಿದವರು ಒಂದೇ ಮನೆಯವರು ಎಂಬುದನ್ನು ಮರೆತರೆ ಈ ಊರಿನ ಚರಿತ್ರೆ ಅರ್ಧವಾಗುತ್ತದೆ.

ಹೆನ್ರಿ ಬರೀ ವ್ಯಾಪಾರಿಯಾಗಿರಲಿಲ್ಲ. ಪೀಸ್ ಮನೆತನ ಕ್ವೇಕರ್ ಪಂಥದ್ದು, ಯುದ್ಧವನ್ನೂ ಕುಡಿತವನ್ನೂ ಒಪ್ಪದವರು. 1854ರಲ್ಲಿ ಕ್ರಿಮಿಯಾ ಯುದ್ಧದ ಕಾರ್ಮೋಡ ಕವಿದಿದ್ದಾಗ ಅದನ್ನು ತಪ್ಪಿಸುವ ಆಸೆಯಿಂದ ಚಳಿಗಾಲದಲ್ಲೇ ರಷ್ಯಾಕ್ಕೆ ಹೋಗಿ ತ್ಸಾರ್ ಒಂದನೆಯ ನಿಕೋಲಸನನ್ನು ಕಂಡ ಮೂವರು ಕ್ವೇಕರರಲ್ಲಿ ಹೆನ್ರಿಯೂ ಒಬ್ಬ. ಯುದ್ಧವೇನೂ ನಿಲ್ಲಲಿಲ್ಲ, ಆದರೆ ಆ ಮನುಷ್ಯನ ಸ್ವಭಾವ ಎಂಥದೆಂದು ಇದರಿಂದ ಗೊತ್ತಾಗುತ್ತದೆ. ಅವನು ಕಟ್ಟಿಸಿದ ಊರಿನಲ್ಲಿ ಹೆಂಡದಂಗಡಿಗಳಿಗೆ ಜಾಗವಿರಲಿಲ್ಲ. ಕುಡಿಯಬೇಕೆಂದವರು ದಿಬ್ಬ ಇಳಿದು ಹಳೆಯ ಶಿಪ್ ಇನ್‌ಗೆ ಹೋಗಬೇಕಿತ್ತು, ಇಲ್ಲವೇ ದೊಡ್ಡ ಹೋಟೆಲಿನ ಮೊರೆಹೋಗಬೇಕಿತ್ತು.

ಕೆಲಸ ಬೇಗ ನಡೆಯಿತು. 1861ರಲ್ಲಿ ಮೊದಲ ಮನೆಗಳಿಗೆ ಅಡಿಗಲ್ಲು ಬಿತ್ತು, ಅದೇ ವರ್ಷ ರೈಲೂ ಬಂತು. ಡಾರ್ಲಿಂಗ್ಟನ್‌ನ ಜಾರ್ಜ್ ಡಿಕಿನ್‌ಸನ್ ಬೀದಿಗಳ ನಕ್ಷೆ ಹಾಕಿದ. ಕಡಲಿನತ್ತ ಸಾಗುವ ಬೀದಿಗಳಿಗೆ ಎಮರಾಲ್ಡ್, ರೂಬಿ, ಪರ್ಲ್, ಡೈಮಂಡ್, ಕೋರಲ್, ಗಾರ್ನೆಟ್ ಎಂದು ರತ್ನಗಳ ಹೆಸರಿಟ್ಟರು. ಇವತ್ತಿಗೂ ಅವು ‘ಜ್ಯುವೆಲ್ ಸ್ಟ್ರೀಟ್ಸ್’. ಮನೆಗಳ ಇಟ್ಟಿಗೆ ಪೀಸ್ ಕುಟುಂಬದ ಭಟ್ಟಿಯದೇ. ಕೆಂಪಲ್ಲದ, ಕೆನೆಬಣ್ಣದ ಆ ಇಟ್ಟಿಗೆಯಿಂದಾಗಿ ಮೋಡ ಕವಿದ ದಿನವೂ ಬೀದಿಗಳು ತಿಳಿಯಾಗಿ ಕಾಣುತ್ತವೆ. 1863ರಲ್ಲಿ ತೆರೆದ ಜೆಟ್‌ಲಂಡ್ ಹೋಟೆಲಿಗೆ ಅದರದೇ ರೈಲು ಪ್ಲಾಟ್‌ಫಾರ್ಮ್ ಇತ್ತು. ಶ್ರೀಮಂತ ಅತಿಥಿಗಳು ಬಂಡಿಯಿಂದ ಇಳಿದು ನೇರ ಹೋಟೆಲಿನೊಳಗೆ ಕಾಲಿಡುತ್ತಿದ್ದರು. ಈಗ ಆ ಕಟ್ಟಡದಲ್ಲಿ ಖಾಸಗಿ ಫ್ಲ್ಯಾಟುಗಳಿವೆ.

1869 ಊರಿನ ಬಾಳಿನಲ್ಲಿ ದೊಡ್ಡ ವರ್ಷ. ಅದೇ ವರ್ಷ ಕಣಿವೆಗೆ ಅಡ್ಡಲಾಗಿ ಎತ್ತರದ ಕಬ್ಬಿಣದ ಸೇತುವೆ ಬಂತು. ದಾಟಲು ಅರ್ಧ ಪೆನ್ನಿ ಸುಂಕವಿದ್ದುದರಿಂದ ಜನ ಅದನ್ನು ‘ಹಾಫ್‌ಪೆನ್ನಿ ಸೇತುವೆ’ ಎಂದೇ ಕರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಜಾನ್ ಆಂಡರ್‌ಸನ್ ಕಟ್ಟಿದ ಪಿಯರ್ ತೆರೆಯಿತು. ಕಬ್ಬಿಣದ ಕಂಬಗಳ ಮೇಲೆ ಮರದ ಹಲಗೆ ಹಾಸಿ, ದಂಡೆಯಿಂದ ಸಮುದ್ರದೊಳಕ್ಕೆ ಚಾಚಿದ 1,500 ಅಡಿ ಉದ್ದದ ನಡೆದಾರಿ ಅದು. ಕಾಲು ಒದ್ದೆಯಾಗದಂತೆ ಕಡಲ ಮೇಲೆ ಅಡ್ಡಾಡಬಹುದಿತ್ತು, ತುದಿಯಲ್ಲಿ ಉಗಿದೋಣಿ ಹತ್ತಬಹುದಿತ್ತು.

ಆದರೆ ಪಿಯರ್ ಇರುವುದು ಕೆಳಗೆ, ಜನ ಇರುವುದು ಮೇಲೆ. ಇಳಿಯುವುದೇನೋ ಸುಲಭ, ಮರಳಿ ಹತ್ತುವಾಗ ಎದೆ ಬಡಿದುಕೊಳ್ಳುತ್ತಿತ್ತು. ಆಂಡರ್‌ಸನ್ 1870ರಲ್ಲಿ ಮರದ ಗೋಪುರ ನಿಲ್ಲಿಸಿ, ಅದರೊಳಗೆ ನೆಟ್ಟಗೆ ಏರಿಳಿಯುವ ಪಂಜರ ಇಟ್ಟ. ದಿಬ್ಬದ ಅಂಚಿನಿಂದ ಗೋಪುರದ ತಲೆಗೆ ಒಂದು ಕಿರುಸೇತುವೆ. ಕಡಲ ಗಾಳಿ ಮರವನ್ನು ಬಿಡಲಿಲ್ಲ. 1883ರಲ್ಲಿ ಆಧಾರದ ಮರಗಳು ಕೊಳೆತಿವೆಯೆಂದು ಅದನ್ನು ಕೆಡವಿದರು. ಮುಂದಿನ ವರ್ಷ, 1884ರ ಜೂನ್‌ನಲ್ಲಿ, ಅದೇ ಜಾಗದಲ್ಲಿ ಇಳಿಜಾರಿನ ಹಳಿಗಳ ಮೇಲೆ ಓಡುವ ಹೊಸ ಲಿಫ್ಟ್ ಶುರುವಾಯಿತು. ಎಂಜಿನಿಯರ್ ಜಾರ್ಜ್ ಕ್ರಾಯ್ಡನ್ ಮಾರ್ಕ್ಸ್, ಇನ್ನೂ ಮೂವತ್ತು ದಾಟದ ತರುಣ. ಲಿಂಟನ್ ಮತ್ತು ಬ್ರಿಜ್‌ನಾರ್ತ್ ಊರುಗಳ ಹೆಸರಾಂತ ಇಳಿಜಾರು ರೈಲುಗಳೂ ಮುಂದೆ ಅವನ ಕೈಯಿಂದಲೇ ಬಂದವು.

ಈ ಲಿಫ್ಟಿನ ತತ್ತ್ವ ಹಳ್ಳಿಯಲ್ಲಿ ಬೆಳೆದ ಕನ್ನಡಿಗರಿಗೆ ಹೊಸದಲ್ಲ. ಬಾವಿಯ ರಾಟೆಗೆ ಹಾಕಿದ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದರೆ ಒಂದು ಇಳಿದಂತೆ ಇನ್ನೊಂದು ಏರುತ್ತದಲ್ಲ, ಇಲ್ಲಿಯೂ ಅಷ್ಟೇ. ಹಗ್ಗದಿಂದ ಬೆಸೆದ ಎರಡು ಪೆಟ್ಟಿಗೆಗಳು, ಒಂದೊಂದರ ಅಡಿಯಲ್ಲೂ ನೀರಿನ ತೊಟ್ಟಿ. ಮೇಲಿರುವ ಪೆಟ್ಟಿಗೆಯ ತೊಟ್ಟಿಗೆ ನೀರು ತುಂಬುತ್ತಾರೆ. ಅದರ ಭಾರ ಕೆಳಗಿನದನ್ನು ಮೀರಿದೊಡನೆ ಅದು ಜಾರಿ ಇಳಿಯುತ್ತದೆ, ಕೆಳಗಿನದು ಜನರನ್ನು ಹೊತ್ತು ಏರುತ್ತದೆ. ಬುಡ ಮುಟ್ಟಿದ ಮೇಲೆ ನೀರು ಬಿಡುತ್ತಾರೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಕಳುಹಿಸುತ್ತದೆ. ಹಳಿಯ ಉದ್ದ 207 ಅಡಿ. ಮೇಲಿನ ನಿಲ್ದಾಣದಲ್ಲಿ ಬ್ರೇಕು ಹಿಡಿದು ನಿಂತ ನೌಕರನ ಕೈಯಲ್ಲಿ ವೇಗದ ಲಗಾಮು. ಪೆಟ್ಟಿಗೆಗಳ ಕಿಟಕಿಗಳಿಗೆ ಬಣ್ಣದ ಗಾಜು. ಒಂದು ನಿಮಿಷವೂ ಹಿಡಿಯದ ಪ್ರಯಾಣಕ್ಕೆ ಇಷ್ಟು ಚಂದದ ಕಿಟಕಿ ಬೇಕೆಂದು ಯೋಚಿಸಿದವರನ್ನು ಮೆಚ್ಚಲೇಬೇಕು. ನೀರಿನ ತೂಕದಿಂದ ನಡೆಯುವ, ಇಂದಿಗೂ ಬಳಕೆಯಲ್ಲಿರುವ ಲಿಫ್ಟುಗಳಲ್ಲಿ ಬ್ರಿಟನ್ನಿನಲ್ಲೇ ಇದು ಅತ್ಯಂತ ಹಳೆಯದು.

ಪಿಯರ್‌ನ ಹಣೆಬರಹ ಇಷ್ಟು ನೆಮ್ಮದಿಯದಾಗಿರಲಿಲ್ಲ. 1875ರ ಬಿರುಗಾಳಿ ತುದಿಯನ್ನು ಕಿತ್ತುಕೊಂಡು 1,250 ಅಡಿಗೆ ಇಳಿಸಿತು. 1924ರಲ್ಲಿ ಪಿಂಗಾಣಿ ಮಣ್ಣು ಹೇರಿಕೊಂಡಿದ್ದ ‘ಓವನ್‌ಬೆಗ್’ ಎಂಬ ಹಡಗು ಬಡಿದು ನಡುವೆ 210 ಅಡಿಯ ಕಿಂಡಿ ಕೊರೆಯಿತು. ಅದನ್ನು ಮುಚ್ಚಲು ಐದು ವರ್ಷ ಬೇಕಾಯಿತು. 1940ರಲ್ಲಿ ಜರ್ಮನ್ ಸೇನೆ ಬಂದಿಳಿದರೆ ಅನುಕೂಲವಾದೀತೆಂಬ ಭಯದಿಂದ ಸರ್ಕಾರವೇ ಒಂದು ಭಾಗ ತೆಗೆಸಿತು. 1974ರ ಅಕ್ಟೋಬರಿನ ಬಿರುಗಾಳಿಗೆ ತುದಿ ಪೂರ್ತಿ ಕೊಚ್ಚಿಹೋಯಿತು.

ಆ 1974ರಲ್ಲೇ ಊರಿನ ಜನ ಒಂದು ಪಾಠ ಕಲಿತರು. ರಿಪೇರಿ ಖರ್ಚಿಗೆ ಹೆದರಿದ ಆಡಳಿತ ಹಾಫ್‌ಪೆನ್ನಿ ಸೇತುವೆಯನ್ನು ಡಿಸೆಂಬರ್ 17ರಂದು ಸಿಡಿಮದ್ದಿಟ್ಟು ಉರುಳಿಸಿತು. ನೂರೈದು ವರ್ಷ ನಿಂತದ್ದು ಕ್ಷಣದಲ್ಲಿ ಕಣಿವೆ ಸೇರಿತು. ಮರುವರ್ಷ ಪಿಯರನ್ನೂ ಕೆಡವಲು ಅನುಮತಿ ಕೇಳಿದಾಗ ಜನ ಸುಮ್ಮನಿರಲಿಲ್ಲ. ಸಾರ್ವಜನಿಕ ವಿಚಾರಣೆ ನಡೆಯಿತು. ತುದಿಯ ಹದಿಮೂರು ಕಂಬಸಾಲುಗಳನ್ನು ಮಾತ್ರ ತೆಗೆದು ಉಳಿದುದನ್ನು ದುರಸ್ತಿ ಮಾಡಬೇಕೆಂದು ತೀರ್ಪಾಯಿತು. 1978ರಲ್ಲಿ ಪಿಯರ್ ಮತ್ತೆ ತೆರೆಯಿತು. 2012ರ ಲಂಡನ್ ಒಲಿಂಪಿಕ್ಸ್ ವೇಳೆ ಯಾರೋ ಹೆಸರು ಹೇಳದವರು ಪುಟ್ಟಪುಟ್ಟ ಉಣ್ಣೆಯ ಕ್ರೀಡಾಪಟುಗಳನ್ನು ಹೆಣೆದು ಅದರ ಕಟಾಂಜನದುದ್ದಕ್ಕೂ ಕಟ್ಟಿಹೋದರು. ಪಾರಂಪರಿಕ ಕಟ್ಟಡವೊಂದು ಜನರ ಸ್ವಂತದ್ದಾಗಿ ಉಳಿದಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಸೇತುವೆ ಹೋಗಿ ಪಿಯರ್ ಉಳಿದದ್ದಕ್ಕೆ ಕಾರಣ ಕಬ್ಬಿಣದ ಗಟ್ಟಿತನವಲ್ಲ, ಊರಿನವರ ಹಟ. ಯಾರ್ಕ್‌ಷೈರ್ ಕರಾವಳಿಯಲ್ಲಿ ಒಂದು ಕಾಲಕ್ಕೆ ಸ್ಕಾರ್ಬರೋ, ವಿದರ್ನ್ಸೀ, ಹಾರ್ನ್‌ಸೀ, ಕೋಟಮ್, ರೆಡ್‌ಕಾರ್‌ಗಳಲ್ಲೂ ಪಿಯರ್‌ಗಳಿದ್ದವು. ಸ್ಕಾರ್ಬರೋದ್ದನ್ನು 1905ರಲ್ಲಿ ಬಿರುಗಾಳಿ ನುಂಗಿತು, ಪಕ್ಕದ ರೆಡ್‌ಕಾರ್‌ನದ್ದನ್ನು 1981ರ ಹೊತ್ತಿಗೆ ಬಿಚ್ಚಿ ತೆಗೆದರು. ಒಂದೊಂದಾಗಿ ಎಲ್ಲವೂ ಹೋಗಿ, ಉಳಿದಿರುವುದು ಸಾಲ್ಟ್‌ಬರ್ನಿನ 681 ಅಡಿ ಮಾತ್ರ. ಇಂಗ್ಲೆಂಡಿನಲ್ಲಿರುವ ಕನ್ನಡಿಗರೂ ಅಲ್ಲಿಗೆ ಹೋಗುವವರೂ ಡಾರ್ಲಿಂಗ್ಟನ್‌ನಿಂದ ಮಿಡಲ್ಸ್‌ಬರೋ ಮೂಲಕ ಸಾಲ್ಟ್‌ಬರ್ನಿಗೆ ಹೋಗುವ ರೈಲು ಹಿಡಿಯಬೇಕು. ಆದಷ್ಟು ಬೇಸಿಗೆಯಲ್ಲಿ ಹೋಗಿ, ಲಿಫ್ಟ್ ಓಡುವ ದಿನ ನೋಡಿಕೊಂಡು ಹೋಗಿ.