ಮಿರಗದ ಮೀನಿನಿಂದ ವಿಟಮಿನ್ ಡಿವರೆಗೆ: ಮಕ್ಕಳ ದಮ್ಮು ಮತ್ತು ತಿನ್ನುವ ಮದ್ದಿನ ಚರಿತ್ರೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಸೀಮೆಯಲ್ಲಿ ಅಸ್ತಮಾಕ್ಕೆ ದಮ್ಮು ಎನ್ನುತ್ತಾರೆ. ದಮ್ಮಿಗೆ ತಿನ್ನುವ ಮದ್ದು ಹುಡುಕಿದ ಚರಿತ್ರೆಯನ್ನು ಇಲ್ಲಿ ಬರೆಯಹೊರಟರೆ ಹೈದರಾಬಾದಿನಿಂದಲೇ ತೊಡಗಬೇಕು. ಈ ಊರುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲುದಾರಿ ಚಿತ್ತಾಪುರ, ಸೇಡಂಗಳನ್ನು ಆ ನಗರಕ್ಕೆ ಹತ್ತಿರ ತಂದಿತು. ಅಲ್ಲಿ ಬತ್ತಿನಿ ಮನೆತನದವರು, ಅವರೇ ಹೇಳುವಂತೆ 1845ರಿಂದ, ಮಿರಗ (ಮೃಗಶಿರಾ ಮಳೆ) ಕೂಡುವ ದಿನ ಜೀವಂತ ಮೀನುಮರಿಯ ಬಾಯಲ್ಲಿ ಹಳದಿ ಲೇಹ್ಯವಿಟ್ಟು ರೋಗಿಗೆ ನುಂಗಿಸುತ್ತಾರೆ. ಮೀನು ಒಲ್ಲದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಸತತ ಮೂರು ವರ್ಷ ತೆಗೆದುಕೊಳ್ಳಬೇಕೆಂಬುದು ಕಟ್ಟಳೆ. ಒಂದು ಕಾಲಕ್ಕೆ ಔಷಧಿ ಎನಿಸಿಕೊಂಡಿದ್ದು ಆಕ್ಷೇಪಗಳ ನಂತರ ಪ್ರಸಾದವಾಯಿತು.

ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಮಗುವಿಗೆ ಗುಣವಾದದ್ದನ್ನು ತಾಯಿ ಕಣ್ಣಾರೆ ಕಂಡಿರುತ್ತಾಳೆ. ತಪ್ಪುವುದು ಕಾರಣ ಹುಡುಕುವಲ್ಲಿ. ದಮ್ಮು ಏರಿಳಿಯುವ ರೋಗ. ತೀರಾ ಏರಿದಾಗಲೇ ಜನ ಮದ್ದಿಗೆ ಹೊರಡುತ್ತಾರೆ, ಏರಿದ್ದು ತಾನಾಗಿಯೂ ಇಳಿಯುತ್ತದೆ. ಫರ್ಸಿಕಲ್ಲಿನ ಖಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಇರುವ ಈ ನೆಲದಲ್ಲಿ ಬೇಸಿಗೆಯ ಧೂಳು ಮಿರಗದ ಮಳೆಗೆ ಅಡಗುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಎಷ್ಟೋ ಮಕ್ಕಳ ಉಬ್ಬಸ ಬೆಳವಣಿಗೆಯೊಂದಿಗೇ ತಗ್ಗಿರುತ್ತದೆ. ಮದ್ದು ಕೊಡದ ಮಕ್ಕಳನ್ನೂ ಪಕ್ಕದಲ್ಲಿಟ್ಟು ನೋಡದ ಹೊರತು ಇವುಗಳಲ್ಲಿ ಯಾವುದು ಕಾರಣವೆಂದು ಹೇಳಲಾಗದು.

ಔಷಧದಂಗಡಿಯ ವಿಟಮಿನ್ನಿಗೂ ಇದೇ ಒರೆಗಲ್ಲು. ದಮ್ಮಿರುವ ಮಕ್ಕಳ ರಕ್ತದಲ್ಲಿ ವಿಟಮಿನ್ ಡಿ ಕಡಿಮೆಯಿದ್ದರೆ ದಮ್ಮು ಹೆಚ್ಚೆಂದು ಕಂಡುಬಂದಾಗ, ಕೊರತೆ ತುಂಬಿದರೆ ರೋಗ ತಗ್ಗೀತೆಂಬ ಆಸೆ ಸಹಜವಾಗಿತ್ತು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಪರಾಮರ್ಶೆ 2016ರಲ್ಲಿ ಅದಕ್ಕೆ ಬಲ ಕೊಟ್ಟರೂ ಅಲ್ಲಿನ ಆಧಾರ ಹೆಚ್ಚಾಗಿ ವಯಸ್ಕರದು. 2020ರಲ್ಲಿ ಅಮೆರಿಕದ ಪ್ರಯೋಗವೊಂದು ವಿಟಮಿನ್ ಡಿ ಕಡಿಮೆಯಿದ್ದ 6ರಿಂದ 16 ವರ್ಷದ 192 ಮಕ್ಕಳನ್ನೇ ಆರಿಸಿ, ಅರ್ಧದಷ್ಟು ಮಂದಿಗೆ ದಿನಕ್ಕೆ 4000 ಯೂನಿಟ್‌ನಂತೆ 48 ವಾರ ಕೊಟ್ಟಿತು. ತೀವ್ರ ದಮ್ಮು ಬರುವುದು ತಡವಾಗಲಿಲ್ಲ. 20 ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ಕಾಕ್ರೇನ್ ಪರಾಮರ್ಶೆ ತನ್ನ ಹಿಂದಿನ ತೀರ್ಮಾನವನ್ನೇ ಕೈಬಿಟ್ಟಿತು. ಕೊರತೆ ರೋಗದ ಜೊತೆಗಾರನಾಗಿದ್ದಿರಬಹುದು. ಹೊರಗೆ ಆಡಲಾಗದ ಮಗುವಿಗೆ ಬಿಸಿಲೂ ಕಡಿಮೆ.

ನಮ್ಮ ಮಕ್ಕಳ ಅಪೌಷ್ಟಿಕತೆ ಬೇರೆಯದು, ಅಲ್ಲಿನ ಪ್ರಯೋಗ ಇಲ್ಲಿಗೆ ಸಲ್ಲದು ಎಂಬ ಆಕ್ಷೇಪಕ್ಕೆ ತೂಕವಿದೆ. ಕೊರತೆ ಬಹಳ ತೀವ್ರವಾಗಿದ್ದವರು ಆ ಪ್ರಯೋಗಗಳಲ್ಲಿ ಕಡಿಮೆಯೇ. ಆದರೆ ಇದು ಊಟದ ಪರವಾದ ವಾದ, ಮಾತ್ರೆಯನ್ನು ದಮ್ಮಿನ ಮದ್ದಾಗಿಸುವ ವಾದವಲ್ಲ. 2002ರಲ್ಲಿ ಕಲಬುರಗಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹದ ಬಿಸಿಯೂಟ, 2013ರ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಗಳಿಗೆ ಬಂದ ಮೊಟ್ಟೆ ಇವು ಮೈ ಬೆಳೆಯಲು ಬೇಕು, ದಮ್ಮಿನ ನೆಪವಿಲ್ಲದೆಯೂ ಬೇಕು. ಮಾತ್ರೆ ಕೊಟ್ಟರೆ ನಷ್ಟವೇನೆಂದು ಕೇಳುವವರು ಕೂಲಿಯ ದುಡ್ಡನ್ನೂ ಕೈಬಿಟ್ಟುಹೋಗುವ ಚಿಕಿತ್ಸೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಥ ಚಿಕಿತ್ಸೆಯಾದ, ಉಸಿರ್ನಾಳದ ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಬೆಕ್ಲೊಮೆಥಸೋನ್‌ನ ಇನ್‌ಹೇಲರ್ ಬಳಕೆಗೆ ಬಂದದ್ದು 1972ರಲ್ಲಿ. ಚಟವಾಗುತ್ತದೆಂಬ ಅಂಜಿಕೆಯಿಂದ ಇಂದಿಗೂ ಅದನ್ನು ದೂರವಿಡುವ ಮನೆಗಳಿವೆ. ಚಟ ಹಿಡಿಸುವ ಗುಣ ಅದಕ್ಕಿಲ್ಲ. ಮದ್ದು ನೇರ ಶ್ವಾಸಕೋಶಕ್ಕೆ ಇಳಿಯುವುದರಿಂದ ಮೈಕ್ರೋಗ್ರಾಂ ಲೆಕ್ಕದ ಅಳತೆ ಸಾಕಾಗುತ್ತದೆ. ಸ್ಟಿರಾಯ್ಡನ್ನು ಮಾತ್ರೆಯಾಗಿ ನುಂಗಿಸಿದರೆ ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾಗುತ್ತದೆ.