ಪದ ಪರಿಚಯ: ಆಣಿ

ಆಣಿ (ನಾ.) 1. ಮೊಳೆ, ಬೆಣೆ. 2. ಅಂಗಾಲಲ್ಲೋ ಕಾಲ್ಬೆರಳಲ್ಲೋ ಗಟ್ಟಿಗಟ್ಟಿದ ಚರ್ಮ.

‘ಕಾಲಾಗ ಆಣಿ ಆಗೇತ್ರಿ, ಊರಾಕ ಆಗವಲ್ದು.’ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರಿರುವ ಬೈಲಹೊಂಗಲ ಸೀಮೆಯಲ್ಲಿ ಈ ಮಾತು ಹೊಸದಲ್ಲ.

ಪದದ ಮೂಲಾರ್ಥ ಮೊಳೆ. ತಮಿಳು, ಮಲಯಾಳಂಗಳಲ್ಲಿ ಗೋಡೆಗೆ ಹೊಡೆಯುವ ಮೊಳೆ ಈಗಲೂ ‘ಆಣಿ’. ಕಾಲಿನದು ತಮಿಳರಿಗೆ ‘ಕಾಲ್ ಆಣಿ’, ತೆಲುಗರಿಗೆ ‘ಆನೆಕಾಯ’. ಋಗ್ವೇದದಲ್ಲೂ ‘ಆಣಿ’ ಇದೆ. ಅಲ್ಲಿ ಅದು ರಥದ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಬೆಣೆ. ನಮ್ಮ ಚಕ್ಕಡಿಯ ‘ಕಡಾಣಿ’ಯ ಕೆಲಸವೂ ಅದೇ: ಕಡೆಯ ಆಣಿ. ಉತ್ತಮ ದುಂಡುಮುತ್ತಿಗೆ ‘ಆಣಿಮುತ್ತು’ ಎಂಬ ಹೆಸರಿದೆ. ಪ್ರಮಾಣದ ‘ಆಣೆ’ ಮಾತ್ರ ಬೇರೆಯೇ ಪದ.

ಹೆಸರು ಕೇಳಿ ಒಳಗೆ ನಿಜವಾಗಿ ಮೊಳೆಯಿದೆಯೆಂದು ಬ್ಲೇಡಿನಿಂದ ಕೆತ್ತುವವರಿದ್ದಾರೆ. ಇರುವುದು ಒತ್ತಡಕ್ಕೆ ದಪ್ಪಗಾದ ಚರ್ಮವಷ್ಟೇ. ಅದರ ನಡುವಿನ ಗಟ್ಟಿ ತಿರುಳು ಒಳಕ್ಕೆ ಒತ್ತಿ ಚುಚ್ಚುತ್ತದೆ. ಬೆರಳಿನ ನಡುಗೆಣ್ಣು ಮೇಲೆದ್ದು ತುದಿ ಕೆಳಗೆ ಬಾಗುವ ‘ಹ್ಯಾಮರ್ ಟೋ’ ಇದ್ದವರಿಗೆ ಗೆಣ್ಣು ಬೂಟಿಗೆ ಉಜ್ಜಿ ಅಲ್ಲೇ ಆಣಿ ಏಳುತ್ತದೆ. ಒತ್ತಡ ತಪ್ಪದೆ ಕೆತ್ತಿದರೆ ಮತ್ತೆ ಬರುತ್ತದೆ. ಮುಂಭಾಗ ಅಗಲವಾದ ಮೆಟ್ಟು, ಮೆತ್ತನೆಯ ಪ್ಯಾಡು, ಬೆರಳು ಚಾಚುವ ವ್ಯಾಯಾಮ ಮೊದಲ ಉಪಾಯ. ಬೆರಳು ಪೂರ್ತಿ ಸೆಟೆದು ನೋವು ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ. ಸಕ್ಕರೆ ಕಾಯಿಲೆಯವರು ಬ್ಲೇಡು, ಆಣಿಪಟ್ಟಿ ಎರಡನ್ನೂ ಬಿಟ್ಟು ನೇರ ವೈದ್ಯರಲ್ಲಿಗೆ ಹೋಗಬೇಕು.