ಧಾರಕದೊಳಗಿನ ಬರಿದು ವಲಯ

1327ರಲ್ಲಿ ಮಹಮ್ಮದ್ ಬಿನ್ ತುಘಲಕನು ಯಾದವರ ದೇವಗಿರಿಯನ್ನು ದೌಲತಾಬಾದೆಂಬ ಹೆಸರಿನ ರಾಜಧಾನಿಯನ್ನಾಗಿಸಿದನು. ಆಜ್ಞೆ ಒಮ್ಮೆಗೇ ಹೊರಟಿತು. ದಿಲ್ಲಿಯಿಂದ ಜನ ಬಂದು ಸೇರಲು ಮಾತ್ರ ಕಾಲ ಹಿಡಿಯಿತು. ಬಲ ಬಿದ್ದರೂ ಜನ ಬಾರದ ಇಂಥ ನಡುಗಾಲಕ್ಕೆ ಅರೆವಾಹಕಗಳ ಚರಿತ್ರೆಯಲ್ಲಿ ಒಂದು ಸಾಟಿಯುಂಟು.

ಅರೆವಾಹಕದ ಮೇಲ್ಮೈಯನ್ನು ಹೊರಗಿನ ವೋಲ್ಟೇಜಿನಿಂದ ಆಳುವ ಮೊದಮೊದಲ ಯತ್ನಗಳು ಕೈಗೂಡಲಿಲ್ಲ. ಮೇಲ್ಮೈಯಲ್ಲೇ ಸಿಕ್ಕಿಬಿದ್ದ ವಿದ್ಯುದಾವೇಶವು ಒಳಭಾಗವನ್ನು ಮರೆಮಾಡುವುದೆಂದು ಬಾರ್ಡೀನ್ 1947ರಲ್ಲಿ ವಿವರಿಸಿದರು. 1959ರ ಸುಮಾರಿಗೆ ಅಟಾಲ್ಲಾ ಮತ್ತು ಸಂಗಡಿಗರು ಸಿಲಿಕಾನಿನ ಮೇಲೆ ಬೆಳೆಸಿದ ಆಕ್ಸೈಡು ಈ ತೊಡಕನ್ನು ಬಹುಮಟ್ಟಿಗೆ ಕಳೆಯಿತು. ಅದೇ ವರ್ಷ ಜಾನ್ ಮೋಲ್ ಅವರು ಲೋಹ, ಆಕ್ಸೈಡು, ಸಿಲಿಕಾನುಗಳ ಧಾರಕವನ್ನು ಸೂಚಿಸಿದರು.

ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳ ಶಕ್ತಿಗಳು ಪಟ್ಟಿಗಳಾಗಿ ಏರ್ಪಟ್ಟಿವೆ. ಲೋಹಕ್ಕೆ ಧನ ವೋಲ್ಟೇಜು ಕೊಟ್ಟರೆ ಈ ಪಟ್ಟಿಗಳು ಮೇಲ್ಮೈಯ ಬಳಿ ಕೆಳಕ್ಕೆ ಬಾಗುತ್ತವೆ. ಪಿ-ಬಗೆಯ ಸಿಲಿಕಾನಿನಲ್ಲಿ ಬಹುಸಂಖ್ಯಾತವಾದ ರಂಧ್ರಗಳು ಹಿಮ್ಮೆಟ್ಟಿ ಬರಿದು ವಲಯವೊಂದು ಉಳಿಯುತ್ತದೆ. ವೋಲ್ಟೇಜು ಇನ್ನೂ ಏರಿದರೆ ಅಲ್ಪಸಂಖ್ಯಾತ ಎಲೆಕ್ಟ್ರಾನುಗಳು ಮೇಲ್ಮೈಯಲ್ಲಿ ನೆರೆದು, ಅಲ್ಲಿನ ಮಟ್ಟಿಗೆ ತಾವೇ ಬಹುಸಂಖ್ಯಾತವಾಗುತ್ತವೆ. ಹೊರನಾಡಿನ ಕನ್ನಡಿಗರಿಗೆ ಈ ಮಾತುಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ! ಇದಕ್ಕೆ ವಿಪರ್ಯಯವೆಂದು ಹೆಸರು. ಆಮೇಲೆ ಹೊಸ ಹೊರೆಯನ್ನೆಲ್ಲ ಎಲೆಕ್ಟ್ರಾನುಗಳೇ ಹೊರುವುದರಿಂದ ಪಟ್ಟಿಗಳ ಬಾಗು ಹೆಚ್ಚುಕಡಿಮೆ ನಿಂತುಬಿಡುತ್ತದೆ.

ಆದರೆ ಆ ಎಲೆಕ್ಟ್ರಾನುಗಳು ಉಷ್ಣದಿಂದ ನಿಧಾನವಾಗಿ ಹುಟ್ಟಬೇಕು. ಒಳ್ಳೆಯ ಸಿಲಿಕಾನಿನಲ್ಲಿ ಇದಕ್ಕೆ ಸೆಕೆಂಡುಗಳು, ಒಮ್ಮೊಮ್ಮೆ ನಿಮಿಷಗಳೇ ಹಿಡಿಯುತ್ತವೆ. ಪ್ರಬಲ ವೋಲ್ಟೇಜನ್ನು ಥಟ್ಟನೆ ಹೇರಿದಾಗ ಅವು ಬರುವ ಮುನ್ನವೇ ಪಟ್ಟಿಗಳು ಸಮತೋಲದ ಮಿತಿ ಮೀರಿ ಬಾಗುತ್ತವೆ, ಬರಿದು ವಲಯ ಆಳಕ್ಕಿಳಿಯುತ್ತದೆ, ಧಾರಕತೆ ಕುಸಿಯುತ್ತದೆ. ಸಮತೋಲದ ಅಳತೆಯನ್ನು ಬಯಸುವವನಿಗೆ ಇದೊಂದು ಕಿರುಕುಳವೇ ಸರಿ.

1969ರಲ್ಲಿ ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಈ ಕಿರುಕುಳವನ್ನೇ ದುಡಿಮೆಗೆ ಹಚ್ಚಿದರು. ಇನ್ನೂ ತುಂಬದ ಆ ಬಾವಿಯಲ್ಲಿ ಆವೇಶವನ್ನಿರಿಸಿ, ನೆರೆಯ ಧಾರಕದ ವೋಲ್ಟೇಜನ್ನು ಏರಿಸಿ, ಬಾವಿಯಿಂದ ಬಾವಿಗೆ ಸಾಗಿಸುವ ಉಪಾಯವದು. ಉಷ್ಣದ ಎಲೆಕ್ಟ್ರಾನುಗಳು ಬಂದು ತುಂಬುವುದರೊಳಗೆ ಕೆಲಸ ಮುಗಿಯಬೇಕು, ಅಷ್ಟೆ. ಬೆಳಕು ಹುಟ್ಟಿಸಿದ ಆವೇಶವನ್ನು ಹೀಗೆ ಸಾಗಿಸಿ ಅಳೆದರೆ ಚಿತ್ರ ದೊರೆಯುತ್ತದೆ. ಇದೇ ಸಿಸಿಡಿ. ಇದಕ್ಕಾಗಿ ಅವರಿಬ್ಬರಿಗೆ 2009ರಲ್ಲಿ ನೊಬೆಲ್ ಪುರಸ್ಕಾರದ ಪಾಲು ಸಂದಿತು.

ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ಐಆರ್‌ಎಸ್-1ಎ ಉಪಗ್ರಹ ಮೇಲೇರಿತು. ಅದರ ಲಿಸ್-1 ಕ್ಯಾಮರಾದಲ್ಲಿದ್ದುದು ಸಿಸಿಡಿಯ ಸಾಲುಗಳು. 22 ದಿನಗಳಿಗೊಮ್ಮೆ ಅದು ದೌಲತಾಬಾದಿನ ಗುಡ್ಡವೂ ಸೇರಿದಂತೆ ದೇಶವನ್ನೆಲ್ಲ ಹಾದುಹೋಗುತ್ತಿತ್ತು. ಒಂದು ಸಾಲಿನಲ್ಲಿ 2048 ಬಿಂದುಗಳು. ಬಿಂದುವೊಂದಕ್ಕೆ ನೆಲದ 72.5 ಮೀಟರು. ಸಾಲಿನ ಕೊನೆಯ ಬಿಂದುವಿನ ಆವೇಶವೂ ಹೊರಬಂದಾಗ ಸುಮಾರು 148 ಕಿಲೋಮೀಟರು ಅಗಲದ ನೆಲ ದಾಖಲಾಗಿರುತ್ತಿತ್ತು.